ಪಡಸಾಲೆಯಲ್ಲಿ ನುಡಿದ ಏಕತಾರಿ ಮೇಲಿನ ಕೋಣೆಯಲ್ಲೇಕೆ ಮೂಕವಾಯಿತು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕ. ಇಪ್ಪತ್ತು ವರ್ಷಗಳಿಂದ ಊರಿನ ಭಜನಾ ಮೇಳದಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದೇನೆ. ಹತ್ತು ಪದಗಳನ್ನು ಮನೆಯಲ್ಲೇ ಧ್ವನಿಮುದ್ರಿಸಿ ಆಲ್ಬಂ ಮಾಡಬೇಕೆಂಬ ಆಸೆ. ಮಗ ಒಂದು ಕಂಡೆನ್ಸರ್ ಮೈಕ್, ಎರಡು ಮೈಕನ್ನು ಕಂಪ್ಯೂಟರಿಗೆ ಜೋಡಿಸಬಹುದಾದ ಆಡಿಯೊ ಇಂಟರ್‌ಫೇಸ್ ತರಿಸಿಕೊಟ್ಟಿದ್ದಾನೆ. ಮನೆಯ ಮೇಲೆ ಹೊಸದಾಗಿ ಕಟ್ಟಿಸಿದ ಹತ್ತಡಿ ಉದ್ದ, ಹತ್ತಡಿ ಅಗಲದ ಆರ್‌ಸಿಸಿ ಕೋಣೆಗೆ ಸುತ್ತಲೂ ಫೋಮ್ ಅಂಟಿಸಿ ಮುದ್ರಿಸಿದೆವು. ಧ್ವನಿ ಡಬ್ಬದೊಳಗಿನಿಂದ ಬಂದಂತಿದೆ. ಏಕತಾರಿ ಕೇಳಿಸುವುದೇ ಇಲ್ಲ, ದಮ್ಮಡಿ ಎಲ್ಲವನ್ನೂ ನುಂಗುತ್ತದೆ, ಹಿಂದೆ ಗುಂಯ್ ಎಂಬ ಸದ್ದು ಬೇರೆ. ಬಲ್ಲವರೊಬ್ಬರು ಒಬ್ಬೊಬ್ಬರದನ್ನೇ ಬೇರೆ ಬೇರೆ ಮುದ್ರಿಸಿ ಆಮೇಲೆ ಸೇರಿಸಿ ಎಂದರು. ಹಾಗೆ ಮಾಡಿದರೆ ಪದಕ್ಕೆ ಜೀವವೇ ಇಲ್ಲ. ಮನೆಯಲ್ಲಿ ಮುದ್ರಿಸಿದ್ದನ್ನು ಆನ್‌ಲೈನ್ ಸಂಗೀತ ತಾಣಗಳು ತಿರಸ್ಕರಿಸುತ್ತವೆ ಎಂದೂ ಹೇಳುತ್ತಾರೆ. ಇನ್ನೂ ದುಬಾರಿ ಮೈಕ್ ಕೊಳ್ಳಬೇಕೇ, ಅಥವಾ ಸಾಲ ಮಾಡಿ ಸ್ಟುಡಿಯೊಕ್ಕೆ ಹೋಗಬೇಕೇ? ಶರೀಫರ ಪದಗಳಿಗೆ ಯಾರ ಅನುಮತಿಯೂ ಬೇಡ ಎನ್ನುವುದು ನಿಜವೇ? ಮೂರು ತುಣುಕು ಕಳುಹಿಸಿದ್ದೇನೆ. ಎರಡು ಮೇಲಿನ ಕೋಣೆಯವು. ಮೂರನೆಯದು ಹೋದ ಶ್ರಾವಣದಲ್ಲಿ ಹಳೆಯ ಪಡಸಾಲೆಯಲ್ಲಿ ಭಜನೆ ನಡೆದಾಗ ಯಾರೋ ಮೊಬೈಲ್‌ನಲ್ಲಿ ಹಿಡಿದದ್ದು, ಹೋಲಿಕೆಗೆ ಮಾತ್ರ.

ಉತ್ತರ: ಮಾಸ್ತರರೇ, ಮೂರನ್ನೂ ಕೇಳಿದೆ. ಹೋಲಿಕೆಗೆ ಮಾತ್ರ ಎಂದು ಕಳುಹಿಸಿದ್ದೀರಲ್ಲ, ಆ ಮೂರನೆಯದನ್ನು ನಾಲ್ಕು ಸಲ ಕೇಳಿದೆ. ಮೊದಲೆರಡರಲ್ಲಿ ಒಬ್ಬ ಮನುಷ್ಯ ಮೈಕಿನ ಮುಂದೆ ನಿಂತಿದ್ದಾನೆ. ಮೂರನೆಯದರಲ್ಲಿ ಪದ ನಡೆಯುತ್ತಿದೆ. ನಿಮಗೂ ಇದು ಗೊತ್ತಾಗಿರಬೇಕು, ಆದರೆ ದುಡ್ಡು ಸುರಿದದ್ದು ಮೇಲಿನ ಕೋಣೆಗೆ ಆದ್ದರಿಂದ ಒಪ್ಪಿಕೊಳ್ಳಲು ಮನಸ್ಸಾಗಿಲ್ಲ.

ಫೋನಿನಲ್ಲಿ ವಿಚಾರಿಸಿದಾಗ ಆ ಪಡಸಾಲೆಯ ಚಿತ್ರ ಕೊಟ್ಟಿರಿ. ಮಣ್ಣಿನ ದಪ್ಪ ಗೋಡೆ, ತೊಲೆ ಮತ್ತು ಜಂತಿಯ ಮಾಳಿಗೆ, ಒಂದು ಬದಿಗೆ ಆಳೆತ್ತರ ಒಟ್ಟಿದ ಜೋಳದ ಚೀಲಗಳು, ಮೂಲೆಯಲ್ಲಿ ಮಡಚಿಟ್ಟ ಕೌದಿಗಳು, ನೆಲಕ್ಕೆ ಜಮಖಾನೆ. ಸ್ಟುಡಿಯೊ ಕಟ್ಟುವವರು ಲಕ್ಷಗಟ್ಟಲೆ ಸುರಿದು ಮಾಡಿಸುವ ಏರ್ಪಾಡಿನ ಮುಕ್ಕಾಲು ಪಾಲು ನಿಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಇದೆ.

ಮೇಲಿನ ಕೋಣೆಯಲ್ಲಿ ಆದದ್ದೇನು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಎದುರುಬದುರು ಗೋಡೆಗಳ ನಡುವೆ ಧ್ವನಿ ಹೋಗಿ ಬಂದು, ಅಂತರಕ್ಕೆ ಹೊಂದುವ ಕೆಲವು ಸ್ವರಗಳನ್ನು ಮಾತ್ರ ಉಬ್ಬಿಸುತ್ತದೆ. ಹತ್ತಡಿಯ ಅಂತರಕ್ಕೆ ಆ ಸ್ವರಗಳು ಸುಮಾರು 56 ಹರ್ಟ್ಜ್, ಅದರ ಎರಡರಷ್ಟಾದ 112, ಮೂರರಷ್ಟಾದ 168. ಗಂಡಸರ ಮಂದ್ರದ ಧ್ವನಿ ಓಡಾಡುವ ಜಾಗವೇ ಇದು. ನಿಮ್ಮ ಕೋಣೆಯ ಉದ್ದವೂ ಹತ್ತು, ಅಗಲವೂ ಹತ್ತು, ಎತ್ತರವೂ ಹೆಚ್ಚುಕಡಿಮೆ ಹತ್ತು. ಮೂರು ದಿಕ್ಕಿನಲ್ಲೂ ಅದೇ ಸ್ವರಗಳು ಉಬ್ಬುತ್ತವೆ. ಧ್ವನಿಮುದ್ರಣಕ್ಕೆ ಚೌಕ ಡಬ್ಬಿಗಿಂತ ಕೆಟ್ಟ ಆಕಾರ ಇಲ್ಲ.

ಅದಕ್ಕೆ ನೀವು ಒಂದಿಂಚಿನ ಫೋಮ್ ಅಂಟಿಸಿದಿರಿ. ತೆಳುವಾದ ಫೋಮ್ ಹೀರುವುದು ತಾರ ಸ್ವರದ ಭಾಗವನ್ನು: ತಾಳದ ಕಿಣಿಕಿಣಿ, ಧ್ವನಿಯ ಅಂಚು, ಉಸಿರಿನ ಸುಳಿವು. 112 ಹರ್ಟ್ಜ್‌ನ ಅಲೆ ಮೂರು ಮೀಟರ್ ಉದ್ದದ್ದು. ಒಂದಿಂಚಿನ ಫೋಮ್ ಅದಕ್ಕೆ ಎದುರು ಬಂದದ್ದೂ ತಿಳಿಯುವುದಿಲ್ಲ. ಹೀಗೆ ಕೋಣೆಯ ಒಳ್ಳೆಯದೆಲ್ಲ ಹೋಗಿ ಕೆಟ್ಟದ್ದು ಮಾತ್ರ ಉಳಿಯಿತು. ನೀವು ಡಬ್ಬದ ಧ್ವನಿ ಎಂದದ್ದು ಇದನ್ನೇ. ಮೊಟ್ಟೆಯ ಟ್ರೇ ಅಂಟಿಸುವ ಸಲಹೆಯೂ ನಿಮಗೆ ಬಂದಿರುತ್ತದೆ. ಅದು ಹೊರಗಿನ ಟ್ರ್ಯಾಕ್ಟರ್ ಸದ್ದನ್ನು ತಡೆಯುವುದಿಲ್ಲ, ಒಳಗಿನ ಗುಂಗನ್ನೂ ಹೀರುವುದಿಲ್ಲ. ಹೊರಗಿನ ಸದ್ದನ್ನು ತಡೆಯಲು ಗೋಡೆಗೆ ತೂಕ ಬೇಕು, ಒಳಗಿನ ಮಂದ್ರವನ್ನು ಹೀರಲು ದಪ್ಪ ಬೇಕು. ಟ್ರೇಗೆ ಎರಡೂ ಇಲ್ಲ. ಒಟ್ಟಿದ ಕಾಳಿನ ಚೀಲದಲ್ಲಿ ಎರಡೂ ಇವೆ: ಎರಡು ಮೂರು ಅಡಿ ದಪ್ಪ, ಒಳಗೆಲ್ಲ ಕಾಳಿನ ನಡುವೆ ಗಾಳಿಯ ಸಂದು. ಮಣ್ಣಿನ ಗೋಡೆಯ ಏರುತಗ್ಗು, ತೊಲೆಗಳ ನಡುವಿನ ಗೂಡುಗಳು ಧ್ವನಿಯನ್ನು ಒಂದೇ ಕಡೆಗೆ ಹಿಂದಿರುಗಿಸದೆ ಚದುರಿಸುತ್ತವೆ.

ಹಾಗಾದರೆ ಮೊಬೈಲ್ ಸಾಕೇ ಎಂದು ನಿಮ್ಮ ಮಗ ಕೇಳಬಹುದು. ಸಾಲದು. ಮೂರನೆಯ ತುಣುಕು ಚೆನ್ನಾಗಿರುವುದು ಮೊಬೈಲ್‌ನಿಂದಲ್ಲ, ಮೊಬೈಲ್ ಇದ್ದರೂ ಚೆನ್ನಾಗಿದೆ. ಗಮನವಿಟ್ಟು ಕೇಳಿ: ದಮ್ಮಡಿಗೆ ಗಟ್ಟಿಯಾಗಿ ಪೆಟ್ಟು ಬಿದ್ದ ಕೂಡಲೇ ನಿಮ್ಮ ಧ್ವನಿ ಕುಗ್ಗುತ್ತದೆ, ಅರೆಗಳಿಗೆಯ ನಂತರ ಮೇಲೇಳುತ್ತದೆ. ಮೊಬೈಲ್ ತಾನೇ ಸದ್ದನ್ನು ಏರಿಸಿ ಇಳಿಸುವುದರಿಂದ ಹಾಗಾಗುತ್ತದೆ. ಅದನ್ನು ಆಮೇಲೆ ಯಾರೂ ಸರಿಪಡಿಸಲಾರರು. ನಿಮ್ಮ ಮೈಕ್ ಮತ್ತು ಇಂಟರ್‌ಫೇಸನ್ನು ಪಡಸಾಲೆಗೆ ಇಳಿಸಿ, ಇನ್ನೂ ದುಬಾರಿಯದ್ದು ಬೇಡ.

ಮೈಕಿನ ಬೆಲೆಯ ಬಗ್ಗೆ ಒಂದು ಉದಾಹರಣೆ ಹೇಳಲೇಬೇಕು. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಹೊರತಂದ 'ನೆಬ್ರಾಸ್ಕಾ' ಆಲ್ಬಂ ಮುದ್ರಣಗೊಂಡದ್ದು ನ್ಯೂಜೆರ್ಸಿಯ ಬಾಡಿಗೆ ಮನೆಯೊಂದರಲ್ಲಿ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದ ಮೇಲೆ, ಎಲ್ಲ ಊರಿನ ವೇದಿಕೆಗಳಲ್ಲೂ ಕಾಣುವ ಶ್ಯೂರ್ ಎಸ್‌ಎಂ57 ಮೈಕ್‌ಗಳಿಂದ. ವಾದ್ಯವೃಂದಕ್ಕೆ ಕೇಳಿಸಲು ಮಾಡಿಕೊಂಡ ಮಾದರಿ ಅದು. ಆಮೇಲೆ ಸ್ಟುಡಿಯೊದಲ್ಲಿ ವೃಂದದೊಂದಿಗೆ ಮತ್ತೆ ಮುದ್ರಿಸಿ ನೋಡಿದರು. ಕ್ಯಾಸೆಟ್‌ನಲ್ಲಿದ್ದದ್ದು ಅಲ್ಲಿ ಸಿಗಲಿಲ್ಲ, ಕೊನೆಗೆ ಕ್ಯಾಸೆಟ್ಟನ್ನೇ ಬಿಡುಗಡೆ ಮಾಡಿದರು. ಅದನ್ನು ಎಲ್‌ಪಿಗೆ ಇಳಿಸಲು ತಂತ್ರಜ್ಞರು ಪಟ್ಟ ಪಾಡು ಕಡಿಮೆಯದಲ್ಲ ಎಂಬುದನ್ನೂ ಸೇರಿಸಬೇಕು. ಮನೆಯಲ್ಲಿ ಮುದ್ರಿಸಿದರೆ ಎಲ್ಲವೂ ಸುಲಭ ಎಂದು ನಾನು ಹೇಳುತ್ತಿಲ್ಲ.

ತಾಣಗಳು ತಿರಸ್ಕರಿಸುತ್ತವೆ ಎಂಬ ಮಾತು ಸುಳ್ಳು. ನೀವು ಎಲ್ಲಿ ಕುಳಿತು ಹಾಡಿದಿರಿ ಎಂದು ಅವರು ಕೇಳುವುದಿಲ್ಲ. ಫೈಲಿನ ನಮೂನೆ, ಹಾಡಿನ ವಿವರ, ಹಕ್ಕು, ಇಷ್ಟನ್ನೇ ನೋಡುತ್ತಾರೆ.

ಇನ್ನು ಬೇರೆ ಬೇರೆಯಾಗಿ ಮುದ್ರಿಸುವ ಸಲಹೆ. ಇದು ನಾನೇ ಮಾಡಿದ ತಪ್ಪು, ಆದ್ದರಿಂದ ಸ್ವಲ್ಪ ಹೆಚ್ಚು ಹೇಳುತ್ತೇನೆ. ಕ್ಯಾಸೆಟ್ ಕಾಲದ ಕೊನೆಯಲ್ಲಿ, ನಾನಿನ್ನೂ ಹೊಸಬನಾಗಿದ್ದಾಗ, ಬೀಸುವ ಪದ ಹಾಡುವ ಅಜ್ಜಿಯೊಬ್ಬರನ್ನು ಸ್ಟುಡಿಯೊಕ್ಕೆ ಕರೆತಂದಿದ್ದರು. ಅವರು ಬೀಸುಕಲ್ಲು ಎಲ್ಲಿ ಎಂದು ಕೇಳಿದರು. ಗರಗರ ಸದ್ದು ಬರುತ್ತದೆ, ಬೇಡ ಎಂದೆ. ಗಾಜಿನ ಆಚೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಲಯಕ್ಕೆ ಟಿಕ್ ಟಿಕ್ ಕೇಳಿಸಿದೆ. ಮೂರನೆಯ ಸಾಲಿಗೆ ತಡವರಿಸಿದರು. ಬಾಲ್ಯದಿಂದ ಹಾಡಿದ ಪದ ಅವರಿಗೆ ಮರೆತೇಹೋಯಿತು. ಮಧ್ಯಾಹ್ನದ ಹೊತ್ತಿಗೆ ಯಾರೋ ಒಂದು ಬೀಸುಕಲ್ಲು ಹೊತ್ತು ತಂದರು. ಗೂಟ ಹಿಡಿದು ಎರಡು ಸುತ್ತು ತಿರುಗಿಸಿದ ಮೇಲೆ ಪದ ತಾನಾಗಿ ಬಂತು, ಒಂದೂವರೆ ತಾಸು ನಿಲ್ಲಲಿಲ್ಲ. ಲಯ ಅವರ ತೋಳಿನಲ್ಲಿತ್ತು, ಕಲ್ಲಿನ ಗರಗರವೇ ಅವರಿಗೆ ಶ್ರುತಿ. ನಾನು ಬೇಡವೆಂದ ಸದ್ದು ಇಲ್ಲದೆ ಹಾಡೇ ಇರಲಿಲ್ಲ.

ನಿಮ್ಮ ಮೇಳದ ಸಂಗತಿಯೂ ಅಷ್ಟೇ. ತತ್ವಪದದ ನಡೆ ಗಡಿಯಾರದ್ದಲ್ಲ. ಪಲ್ಲವಿಗೆ ಮರಳುವಾಗ ಒಂದಿಷ್ಟು ಏರುತ್ತದೆ, ಒಳ್ಳೆಯ ನುಡಿ ಬಂದಾಗ ದಮ್ಮಡಿಯವರು ನಿಮ್ಮ ಮುಖ ನೋಡಿ ತಡೆಯುತ್ತಾರೆ. ಒಬ್ಬೊಬ್ಬರೇ ನುಡಿಸಿದರೆ ಯಾರ ಮುಖವನ್ನು ಯಾರು ನೋಡಬೇಕು? ಆ ಸಲಹೆ ಕೊಟ್ಟವರು ದಡ್ಡರಲ್ಲ. ಸಿನಿಮಾ ಹಾಡು, ಜಾಹೀರಾತುಗಳು ಹಾಗೆಯೇ ತಯಾರಾಗುತ್ತವೆ, ತಪ್ಪಾದ ಒಂದು ಸ್ವರವನ್ನು ಮಾತ್ರ ತಿದ್ದಿಕೊಳ್ಳುವ ಅನುಕೂಲವೂ ಇದೆ. ಆದರೆ ಅಲ್ಲಿ ಲಯ ಮೊದಲೇ ಗೊತ್ತಾಗಿರುತ್ತದೆ, ನಿಮ್ಮಲ್ಲಿ ಅದು ಹಾಡುವಾಗ ಹುಟ್ಟುತ್ತದೆ. ಒಟ್ಟಿಗೆ ಕುಳಿತು ಹಾಡಿ.

ಒಟ್ಟಿಗೆ ಹಾಡಿದರೆ ದಮ್ಮಡಿ ನುಂಗುತ್ತದಲ್ಲ? ಅದು ಗುಂಡಿ ತಿರುಗಿಸಿ ಪರಿಹರಿಸುವ ಸಮಸ್ಯೆಯಲ್ಲ, ಕೂರುವ ಜಾಗದಿಂದ ಪರಿಹಾರವಾಗುವುದು. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದಾಗ ಮೈಕೂ ಇರಲಿಲ್ಲ, ವಿದ್ಯುತ್ತಿನ ನೆರವೂ ಇರಲಿಲ್ಲ. ಒಂದು ಕಹಳೆ ಅಷ್ಟೇ. ಯಾರು ಅದರ ಹತ್ತಿರ, ಯಾರು ದೂರ ಎಂಬುದರಲ್ಲೇ ಆ ಕಾಲದ ಮಿಕ್ಸಿಂಗ್, ಎಂದರೆ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸ, ಮುಗಿಯುತ್ತಿತ್ತು. ಆ ವಿದ್ಯೆ ಇವತ್ತಿಗೂ ಹಳತಾಗಿಲ್ಲ. ತೆರೆದ ಜಾಗದಲ್ಲಿ ಅಂತರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಅಷ್ಟು ಇಳಿಯದಿದ್ದರೂ ಕೆಲಸಕ್ಕೆ ಸಾಕಾಗುವಷ್ಟು ಇಳಿಯುತ್ತದೆ.

ಹೀಗೆ ಮಾಡಿ ನೋಡಿ. ಗೋಡೆಯಿಂದ ಮೂರಡಿಯಾದರೂ ಮುಂದೆ, ಚೀಲಗಳಿಗೆ ಬೆನ್ನು ಕೊಟ್ಟು ನೀವು ಕುಳಿತುಕೊಳ್ಳಿ. ನಿಮ್ಮ ಕಂಡೆನ್ಸರ್ ಮೈಕ್ ಬಾಯಿಯಿಂದ ಒಂದು ಗೇಣಿಗಿಂತ ತುಸು ಹೆಚ್ಚು ದೂರವಿರಲಿ, ಹುಬ್ಬಿನ ಎತ್ತರದಿಂದ ಕೆಳಮುಖವಾಗಿ ನೋಡಲಿ. ನೇರ ಬಾಯಿಯ ಮುಂದಿಟ್ಟರೆ ಪಕಾರ, ಬಕಾರಗಳು ಬಡಿಯುತ್ತವೆ, ಗೇಣಿಗಿಂತ ಹತ್ತಿರ ತಂದರೆ ಮಂದ್ರ ಅನಗತ್ಯವಾಗಿ ಊದಿಕೊಳ್ಳುತ್ತದೆ. ಈ ಬಗೆಯ ಮೈಕ್ ಮುಂದಿನದನ್ನು ಹಿಡಿದು ಬೆನ್ನ ಹಿಂದಿನದನ್ನು ಬಹುಮಟ್ಟಿಗೆ ಬಿಡುತ್ತದೆ. ಅದರ ಬೆನ್ನಿಗೆ, ನಿಮ್ಮ ಎದುರಿಗೆ, ಆರೇಳು ಅಡಿ ದೂರದಲ್ಲಿ ದಮ್ಮಡಿಯವರನ್ನು ಕೂರಿಸಿ. ಅವರಿಗೆ ನಿಮ್ಮ ಮುಖ ಕಾಣುತ್ತದೆ, ಮೈಕಿಗೆ ಅವರ ಪೆಟ್ಟು ಕಡಿಮೆ ಕೇಳಿಸುತ್ತದೆ. ತಾಳದವರು ಅವರ ಪಕ್ಕದಲ್ಲಿರಲಿ. ತಾಳದ ಸದ್ದು ಸಣ್ಣದೆಂದು ಕಂಡರೂ ಮೈಕಿಗೆ ಅದು ಸೂಜಿ ಚುಚ್ಚಿದಂತೆ. ಪೇಟಿಯವರು (ಹಾರ್ಮೋನಿಯಂ ನುಡಿಸುವವರು) ನಿಮ್ಮ ಬದಿಗೆ ನಾಲ್ಕಡಿಯಲ್ಲಿ, ಪೇಟಿಯ ಕೆಳಗೆ ಮಡಚಿದ ಕೌದಿ. ತಿದಿಯ ಕೀರಲಿಗೆ ಮುಂಚೆಯೇ ರಿಪೇರಿ ಮಾಡಿಸಿಕೊಳ್ಳಿ.

ಏಕತಾರಿ ಏಕೆ ಕೇಳಿಸಲಿಲ್ಲ ಎಂದರೆ ಅದರತ್ತ ಯಾವ ಮೈಕೂ ನೋಡುತ್ತಿರಲಿಲ್ಲ. ಅದರ ನಾದ ಹೊರಡುವುದು ಬುರುಡೆಯಿಂದ, ನಿಮ್ಮ ಮೈಕ್ ನೋಡುತ್ತಿದ್ದದ್ದು ಬಾಯನ್ನು. ಇಂಟರ್‌ಫೇಸ್‌ನಲ್ಲಿ ಇನ್ನೊಂದು ಮೈಕಿಗೆ ಜಾಗವಿದೆ. ಊರಿನ ದೇವಸ್ಥಾನದ ಧ್ವನಿವರ್ಧಕದ ಜೊತೆ ಒಂದು ಡೈನಾಮಿಕ್ ಮೈಕ್ ಇರಲೇಬೇಕು, ಎರಡು ದಿನಕ್ಕೆ ಕೇಳಿ ತನ್ನಿ. ಅದನ್ನು ಬುರುಡೆಗೆ ಒಂದು ಗೇಣು ದೂರದಲ್ಲಿ, ಬಾಯಿಗೆ ಬೆನ್ನು ಮಾಡಿ ಇಡಿ. ಎರಡು ಮೈಕ್‌ಗಳ ನಡುವಿನ ಅಂತರ, ಮೈಕಿನಿಂದ ನಾದದ ಮೂಲಕ್ಕಿರುವ ಅಂತರದ ಮೂರು ಪಟ್ಟಾದರೂ ಇರಲಿ ಎಂಬ ಹಳೆಯ ಲೆಕ್ಕವಿದೆ. ಕುಳಿತು ಹಾಡುವವರ ಹುಬ್ಬಿನ ಎತ್ತರದ ಮೈಕಿಗೂ ತೊಡೆಯ ಬಳಿಯ ಮೈಕಿಗೂ ಅಷ್ಟು ಅಂತರ ಸಿಗುತ್ತದೆ. ಇಲ್ಲವಾದರೆ ಒಂದೇ ಧ್ವನಿ ಎರಡು ಮೈಕಿಗೆ ತುಸು ಹಿಂದುಮುಂದಾಗಿ ತಲುಪಿ ಪರಸ್ಪರ ತಿಂದುಹಾಕುತ್ತದೆ, ಧ್ವನಿ ಕೊಳವೆಯೊಳಗೆ ಹೋದಂತಾಗುತ್ತದೆ. ದಮ್ಮಡಿಗೆ ಪ್ರತ್ಯೇಕ ಮೈಕ್ ಬೇಡ. ಅದು ಎರಡರಲ್ಲೂ ಸೋರಿ ಬರುತ್ತದೆ, ಬರಲಿ.

ಇದರ ಅಪಾಯವನ್ನೂ ತಿಳಿದುಕೊಳ್ಳಿ. ಎಲ್ಲರ ಸದ್ದೂ ಎಲ್ಲ ಮೈಕಿನಲ್ಲಿ ಇರುವುದರಿಂದ ಆಮೇಲೆ ದಮ್ಮಡಿಯೊಂದನ್ನೇ ತಗ್ಗಿಸಲು ಬರುವುದಿಲ್ಲ, ನೀವು ಒಂದು ನುಡಿ ತಪ್ಪಿದರೆ ಇಡೀ ಪದವನ್ನು ಮತ್ತೆ ಹಾಡಬೇಕು. ಆದ್ದರಿಂದ ಮೊದಲ ಸಂಜೆ ಏನನ್ನೂ ಅಂತಿಮ ಎಂದುಕೊಳ್ಳಬೇಡಿ. ಒಂದೇ ಪದ ಹಾಡುವುದು, ಹೆಡ್‌ಫೋನ್‌ನಲ್ಲಿ ಕೇಳುವುದು, ಯಾರಾದರೊಬ್ಬರು ಒಂದಡಿ ಸರಿಯುವುದು, ಮತ್ತೆ ಹಾಡುವುದು. ಜಾಗ ಗೊತ್ತಾದ ಮೇಲೆ ನೆಲದ ಮೇಲೆ ಸುಣ್ಣದಿಂದ ಗುರುತು ಹಾಕಿ. ಮರುದಿನದಿಂದ ಒಂದೊಂದು ಪದವನ್ನು ಮೂರು ಸಲ ಪೂರ್ತಿ ಹಾಡಿ, ಮೂರರಲ್ಲಿ ಒಂದನ್ನು ಆರಿಸಿ. ನನ್ನ ಅನುಭವದಲ್ಲಿ ಬಹಳ ಸಲ ಎರಡನೆಯದೇ ಗೆಲ್ಲುತ್ತದೆ. ಮೊದಲನೆಯದರಲ್ಲಿ ಅಳುಕು ಇರುತ್ತದೆ, ಮೂರನೆಯದರಲ್ಲಿ ಜಾಣತನ.

ಗುಂಯ್ ಸದ್ದಿಗೆ ಬರೋಣ. ಸುಯ್ ಎನ್ನುವುದು ಬೇರೆ, ಗುಂಯ್ ಎನ್ನುವುದು ಬೇರೆ. ಸುಯ್ ಬಂದರೆ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಅತಿಯಾಗಿದೆ ಅಥವಾ ಮೈಕ್ ದೂರವಿದೆ ಎಂದು ಅರ್ಥ. ಗುಂಯ್ ಬಂದರೆ ಅದು ಮನೆಯ ಕರೆಂಟು. ನಮ್ಮ ವಿದ್ಯುತ್ತಿನ 50 ಹರ್ಟ್ಜ್ ಮತ್ತು ಅದರ ಎರಡರಷ್ಟಾದ 100 ತಂತಿಯೊಳಕ್ಕೆ ನುಸುಳಿರುತ್ತದೆ. ಮೊದಲು ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಹೆಡ್‌ಫೋನ್ ಹಾಕಿಕೊಂಡು ಮನೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ. ಇನ್ವರ್ಟರ್, ಹಳೆಯ ಟ್ಯೂಬ್‌ಲೈಟಿನ ಚೋಕ್, ಅಗ್ಗದ ಎಲ್‌ಇಡಿ ಬಲ್ಬು, ಇವುಗಳಲ್ಲಿ ಒಬ್ಬ ಕಳ್ಳ ಸಿಗುತ್ತಾನೆ. ಮೈಕಿನ ತಂತಿ ಕರೆಂಟಿನ ತಂತಿಯ ಜೊತೆಗೆ ಹರಿಯದಿರಲಿ. ಆದರೆ ಗುಂಯ್ ನಿಲ್ಲುತ್ತದೆಂದು ಪ್ಲಗ್ಗಿನ ಮೂರನೆಯ ಪಿನ್ ಮುರಿಯುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಜೀವಕ್ಕೇ ಕುತ್ತು. ಭೂಸಂಪರ್ಕ ಸರಿಯಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಲ್ಯಾಪ್‌ಟಾಪ್‌ನಲ್ಲಿ 24 ಬಿಟ್, 48 ಕಿಲೋಹರ್ಟ್ಜ್ ಇಟ್ಟುಕೊಳ್ಳಿ. ಮೀಟರಿನಲ್ಲಿ ಅತಿ ಜೋರಾದ ಪೆಟ್ಟೂ ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ನಿಲ್ಲಲಿ. ಟೇಪಿನ ಕಾಲದಲ್ಲಿ ಕೆಂಪು ಗೆರೆಯ ಹತ್ತಿರ ಮುದ್ರಿಸುವ ರೂಢಿಯಿತ್ತು, ಏಕೆಂದರೆ ಟೇಪಿಗೆ ತನ್ನದೇ ಸುಯ್ ಇತ್ತು. ಈಗ ಕೆಳಗೆ ಬೇಕಾದಷ್ಟು ಜಾಗವಿದೆ, ಮೇಲೆ ಸೊನ್ನೆ ದಾಟಿದರೆ ಮಾತ್ರ ಧ್ವನಿ ಒಡೆದೇಹೋಗುತ್ತದೆ. ಪ್ರತಿ ಪದದ ಕೊನೆಗೆ ಯಾರೂ ಅಲುಗಾಡದೆ ಅರ್ಧ ನಿಮಿಷ ಪಡಸಾಲೆಯ ಮೌನವನ್ನೂ ಮುದ್ರಿಸಿಕೊಳ್ಳಿ. ಎರಡು ಸಲದ ಹಾಡಿಕೆಯನ್ನು ಜೋಡಿಸಬೇಕಾಗಿ ಬಂದರೆ ಆ ಮೌನ ಅಂಟಿನಂತೆ ಕೆಲಸಕ್ಕೆ ಬರುತ್ತದೆ.

ಮಿಕ್ಸಿಂಗ್‌ನಲ್ಲಿ ಮಾಡುವುದಕ್ಕಿಂತ ಮಾಡದಿರುವುದು ಹೆಚ್ಚು. ಸದ್ದು ತೆಗೆಯುವ ತಂತ್ರಾಂಶವನ್ನು ಜೋರಾಗಿ ಓಡಿಸಿದರೆ ಧ್ವನಿ ನೀರೊಳಗಿನಿಂದ ಗುಳುಗುಳು ಬಂದಂತಾಗುತ್ತದೆ. ಶ್ರುತಿ ತಿದ್ದುವ ತಂತ್ರಾಂಶದ ಹತ್ತಿರ ಹೋಗಲೇಬೇಡಿ. ಸಾಮಾನ್ಯವಾಗಿ ಅದು ಪೇಟಿಯ ಹನ್ನೆರಡು ಮನೆಗಳಲ್ಲಿ ಯಾವುದೋ ಒಂದಕ್ಕೆ ನಿಮ್ಮನ್ನು ತಳ್ಳುತ್ತದೆ, ನೀವು ಹಾಡುವುದು ಆ ಮನೆಗಳ ನಡುವಿನ ಓಣಿಗಳಲ್ಲಿ.

ಇಲ್ಲಿ ಸ್ಟುಡಿಯೊದ ಪ್ರಶ್ನೆ ಬರುತ್ತದೆ. ಹಾಡಲು ಅಲ್ಲಿಗೆ ಹೋಗುವುದು ನಿಮ್ಮ ಮೇಳಕ್ಕೆ ಒಗ್ಗುವುದಿಲ್ಲ. ಗಂಟೆಯ ಲೆಕ್ಕದ ಬಾಡಿಗೆ ತಲೆಯ ಮೇಲಿರುವಾಗ ಪದ ಅರಳುವುದಿಲ್ಲ, ಅದಕ್ಕಾಗಿ ಸಾಲವಂತೂ ಬೇಡ. ಆದರೆ ಮಿಕ್ಸಿಂಗ್ ಮತ್ತು ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಕೊಡುವ ಕೊನೆಯ ಹದ) ಎರಡನ್ನೂ ಒಬ್ಬ ಅನುಭವಿಗೆ ಒಪ್ಪಿಸಿ ಎಂದೇ ಹೇಳುತ್ತೇನೆ. ಇಪ್ಪತ್ತು ವರ್ಷ ಹಾಡಿದ ಪದವನ್ನು ನೀವು ಹೊಸ ಕಿವಿಯಿಂದ ಕೇಳಲಾರಿರಿ. ಅವರಿಗೆ ಡಬ್ಲ್ಯುಎವಿ ಫೈಲುಗಳನ್ನೇ ಕೊಡಿ, ಎಂಪಿ3 ಬೇಡ. ಡಿಜೆ ಹಾಡಿನಷ್ಟು ಜೋರು ಮಾಡಿಕೊಡಿ ಎಂದು ಕೇಳಬೇಡಿ. ಸ್ಪಾಟಿಫೈಯಂಥ ತಾಣ ಎಲ್ಲರ ಹಾಡನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಎಂಬ ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತದೆ. ಹಿಂಡಿ ಜೋರು ಮಾಡಿದ್ದನ್ನು ಅದು ತಗ್ಗಿಸುತ್ತದೆ, ಆದರೆ ಹಿಂಡಿದ ಗಾಯ ಹಾಗೇ ಉಳಿಯುತ್ತದೆ.

ಇನ್ನು ಹಕ್ಕಿನ ಮಾತು. ಶರೀಫರ ಪದಗಳಿಗೆ ಅನುಮತಿ ಬೇಡ ಎನ್ನುವುದು ಅರ್ಧ ನಿಜ. ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಬರೆದವರ ಹಕ್ಕು ಅವರ ಮರಣದ ನಂತರ 60 ವರ್ಷ. ಶರೀಫರ ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಿಲ್ಲ. ಮಟ್ಟು ಬೇರೆ ಮಾತು. ಪಟ್ಟಣಗಳ ಕಿವಿಯಲ್ಲಿರುವ ಶರೀಫರ ಎಷ್ಟೋ ಪದಗಳ ಧಾಟಿ ಸಿ. ಅಶ್ವಥ್ ಅವರ ಸಂಯೋಜನೆ. ಅವರು ತೀರಿಕೊಂಡದ್ದು 2009ರಲ್ಲಿ, ಆ ಸಂಯೋಜನೆಗಳಿಗೆ 2069ರ ಕೊನೆಯವರೆಗೂ ರಕ್ಷಣೆ ಇದೆ. ನೀವು ಊರಿನ ಹಿರಿಯರಿಂದ ಕಲಿತ ಮಟ್ಟಿನಲ್ಲಿ ಹಾಡಿದರೆ ತೊಂದರೆಯಿಲ್ಲ. ಕ್ಯಾಸೆಟ್ ಕೇಳಿ ಕಲಿತದ್ದಾದರೆ ಅನುಮತಿ ಪಡೆಯಬೇಕು, ಇಲ್ಲವೇ ಆ ಪದವನ್ನು ಬಿಡಬೇಕು. ಹತ್ತರಲ್ಲಿ ಯಾವುದು ಯಾರಿಂದ ಬಂತು ಎಂದು ಕುಳಿತು ಪಟ್ಟಿ ಮಾಡಿ. ನಿಮ್ಮ ಎರಡನೆಯ ತುಣುಕಿನ ಪಲ್ಲವಿ ನನಗೆ ಕ್ಯಾಸೆಟ್ಟಿನದೆಂದೇ ಕೇಳಿಸಿತು.

ಜನ ಮರೆಯುವ ಇನ್ನೊಂದು ಸಂಗತಿ: ಮೇಳದ ಪ್ರತಿಯೊಬ್ಬರಿಗೂ ಪ್ರದರ್ಶಕರಾಗಿ ಕಾಯ್ದೆಯಲ್ಲಿ 50 ವರ್ಷದ ಹಕ್ಕಿದೆ. ದುಡ್ಡು ಬಂದರೆ ಹೇಗೆ ಹಂಚಿಕೆ ಎಂಬುದನ್ನು ಈಗಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ದುಡ್ಡು ಬರುವ ಮೊದಲು ಇದು ಹತ್ತು ನಿಮಿಷದ ಕೆಲಸ. ಹಾಗೆಯೇ ಮೊಬೈಲ್ ಆ್ಯಪಿನ ತಂಬೂರಿ ಶ್ರುತಿಯನ್ನು ಹಿನ್ನೆಲೆಗೆ ಹಾಕಬೇಡಿ. ಅದೇ ಶ್ರುತಿ ಬೇರೆ ಆಲ್ಬಂಗಳಲ್ಲೂ ಇರುವುದರಿಂದ, ಯೂಟ್ಯೂಬಿನ ಗುರುತು ಹಿಡಿಯುವ ಯಂತ್ರ ನಿಮ್ಮ ಪದವನ್ನು ಇನ್ನೊಬ್ಬರದೆಂದು ಬಗೆಯುವ ಸಾಧ್ಯತೆ ಇದೆ. ಕೈಯಲ್ಲಿ ಏಕತಾರಿ ಇರುವಾಗ ಅದರ ಅಗತ್ಯವೂ ಇಲ್ಲ.

ಕಾಲದ ಬಗ್ಗೆ ಕೊನೆಗೆ. ಈಗ ಮಳೆಗಾಲ. ದಮ್ಮಡಿಯ ಚರ್ಮ ಸಡಿಲಾಗಿರುತ್ತದೆ, ಬೆಂಕಿಗೆ ಕಾಯಿಸಿದರೂ ಎರಡು ಪದಕ್ಕೆ ಇಳಿಯುತ್ತದೆ, ರಾತ್ರಿಯಿಡೀ ಕಪ್ಪೆ ಮತ್ತು ಜೀರುಂಡೆ. ಡಿಸೆಂಬರ್‌ವರೆಗೆ ಕಾಯಿರಿ. ಫ್ಯಾನ್ ಬೇಕಾಗುವುದಿಲ್ಲ, ರಾತ್ರಿ ಹತ್ತರ ನಂತರ ಊರು ಮಲಗಿರುತ್ತದೆ, ಹೊಸ ಗೋವಿನಜೋಳದ ಚೀಲಗಳೂ ಪಡಸಾಲೆಗೆ ಬಂದಿರುತ್ತವೆ. ಅಷ್ಟರೊಳಗೆ ಮಟ್ಟಿನ ಪಟ್ಟಿ, ಪೇಟಿಯ ರಿಪೇರಿ ಮುಗಿಸಿಕೊಳ್ಳಿ. ಮತ್ತೆ, ಮಾರುಕಟ್ಟೆಯಲ್ಲಿ ಒಳ್ಳೆಯ ದರ ಬಂತೆಂದು ಮನೆಯವರು ಅವಸರ ಮಾಡಿದರೂ, ಹತ್ತನೆಯ ಪದ ಮುಗಿಯುವವರೆಗೆ ಆ ಚೀಲಗಳನ್ನು ಗಾಡಿಗೆ ಏರಿಸಬೇಡಿ.